ಹೊಲ ಕೊಡೋಕೆ ಹಿರಿಯರು ಯಾಕೆ ಹೆದರ್ತಾರೆ?

ಹಿಂಜವಡಿಯಿಂದ ಲೋಣಾವಳಾ ಕಡೆ ಹೊರಟರೆ ದಾರಿಯಲ್ಲಿ ಮಾವಳದ ಭತ್ತದ ಗದ್ದೆ, ಪಕ್ಕದಲ್ಲೇ ಫಾರ್ಮ್‌ಹೌಸ್ ಪ್ಲಾಟಿನ ಬೋರ್ಡು. ನೋಡ್ತಿದ್ದ ಹಾಗೇ ನಮ್ಮವರಲ್ಲಿ ಕೃಷಿಯ ಮಾತು ಶುರುವಾಗುತ್ತೆ. ಹಿಂದೆಯೇ ಇನ್ನೊಂದು ಪ್ರಶ್ನೆ: ನೆಲೆ ನಿಂತ ರೈತರು ಹೊಸ ಹುಡುಗರ ಕೈ ಹಿಡಿಯಬೇಕಲ್ವಾ?

ಹಿಡಿಯಬೇಕು. ವಿದ್ಯೆಯ ವಿಷಯದಲ್ಲಿ ಹಿಡಿದೂ ಇದ್ದಾರೆ. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ತೋಟವನ್ನೇ ಪಾಠಶಾಲೆ ಮಾಡಿದ್ದರು. ಪುತ್ತೂರಿನಲ್ಲಿ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯಲ್ಲಿ ರೈತರೇ ರೈತರಿಗೆ ಬರೆದರು. ಅನುಭವ ಹಂಚೋಕೆ ನಮ್ಮ ರೈತರು ಜಿಪುಣರಲ್ಲ.

ಆದರೆ ಎರಡು ಎಕರೆ ಐದು ವರ್ಷಕ್ಕೆ ಕೊಡಿ ಅಂತ ಕೇಳಿ ನೋಡಿ, ಮಾತು ನಿಂತುಹೋಗುತ್ತೆ. ಇದು ಸಣ್ಣತನ ಅಲ್ಲ, ಇದರ ಹಿಂದೆ ಇತಿಹಾಸ ಇದೆ.

1948ರಲ್ಲಿ ಮುಂಬೈ ಪ್ರಾಂತ್ಯದ ಗೇಣಿ ಕಾಯ್ದೆ ಬಂತು. ಆಗ ಧಾರವಾಡ, ಬೆಳಗಾವಿ, ವಿಜಯಪುರ ಕೂಡ ಅದೇ ಪ್ರಾಂತ್ಯದಲ್ಲಿದ್ದವು. ಅಂದರೆ ಲೋಣಾವಳಾಕ್ಕೂ ಧಾರವಾಡಕ್ಕೂ ಒಂದೇ ಕಾಯ್ದೆ. ತಿದ್ದುಪಡಿಯಾದ ಆ ಕಾಯ್ದೆ ಪ್ರಕಾರ 1957ರ ಏಪ್ರಿಲ್ 1ರಂದು ಇಲ್ಲಿನ ಗೇಣಿದಾರರು, ಕೆಲವು ವಿನಾಯಿತಿ ಬಿಟ್ಟು, ತಾವು ಉಳುತ್ತಿದ್ದ ಹೊಲವನ್ನು ಕೊಂಡವರು ಅಂತ ಲೆಕ್ಕವಾಯಿತು. ಕರ್ನಾಟಕದಲ್ಲಿ ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಉಳುವವನೇ ಒಡೆಯ. ಎಷ್ಟೋ ತಲೆಮಾರು ಬೇರೆಯವರ ನೆಲದಲ್ಲಿ ಬೆವರು ಸುರಿಸಿದವರಿಗೆ ಅದು ನ್ಯಾಯವೇ, ಅದರಲ್ಲಿ ಅನುಮಾನ ಬೇಡ.

ಆದರೆ ಅದೇ ಕಾನೂನು ಒಂದು ಭಯವನ್ನೂ ಬಿಟ್ಟುಹೋಯಿತು. ಬೇರೆಯವರಿಗೆ ಉಳೋಕೆ ಕೊಟ್ಟರೆ ಹೊಲ ಹೋಯ್ತು ಅನ್ನೋ ಭಯ. ಕರ್ನಾಟಕದಲ್ಲಂತೂ ಗೇಣಿ ಕೊಡೋದಕ್ಕೇ ನಿರ್ಬಂಧ. ಹಾಗಂತ ಅದು ನಿಂತಿದೆಯಾ? ಇಲ್ಲ. ಲಾವಣಿ, ಕೋರು, ಗುತ್ತಿಗೆ ಅಂತ ಬಾಯಿಮಾತಿನಲ್ಲಿ ನಡೀತಾನೇ ಇದೆ. ಪಹಣಿಯಲ್ಲಿ ಹೆಸರಿಲ್ಲದ ಹುಡುಗನಿಗೆ ಬೆಳೆಸಾಲ ಸಿಗೋದು ಕಷ್ಟ, ಬೆಳೆ ಹೋದರೆ ಪರಿಹಾರದ ಹಣ ಹೋಗೋದು ಮಾಲೀಕನ ಖಾತೆಗೆ. ಮುಂದಿನ ಯುಗಾದಿಗೆ ಬಿಟ್ಟುಕೊಡಬೇಕಾದ ಹೊಲಕ್ಕೆ ಯಾರು ಕೊಟ್ಟಿಗೆ ಗೊಬ್ಬರ ಹೊಡೀತಾರೆ, ಹೇಳಿ?

2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತಾಯ್ತು. ಗುತ್ತಿಗೆಯ ನಿರ್ಬಂಧವನ್ನು ಆ ತಿದ್ದುಪಡಿ ತೆಗೀಲಿಲ್ಲ. ದುಡ್ಡಿದ್ದವನಿಗೆ ಬಾಗಿಲು ತೆರೀತು, ಬರೀ ರಟ್ಟೆ ಇದ್ದವನಿಗೆ ಅದು ಮುಚ್ಚೇ ಇದೆ. ಒಡೆತನ ಮಾಲೀಕನಲ್ಲೇ ಭದ್ರವಾಗಿರಬೇಕು, ಉಳುವವನಿಗೆ ಸಾಲ, ವಿಮೆಯೂ ಸಿಗಬೇಕು ಅಂತ ನೀತಿ ಆಯೋಗ 2016ರಲ್ಲೇ ಒಂದು ಮಾದರಿ ಗುತ್ತಿಗೆ ಕಾಯ್ದೆ ಮುಂದಿಟ್ಟಿತ್ತು. ಅದನ್ನು ಒಪ್ಪೋದು, ಬಿಡೋದು ರಾಜ್ಯಗಳಿಗೆ ಬಿಟ್ಟಿದ್ದು.

ಈಗ ಪ್ರಶ್ನೆಯನ್ನ ನಮ್ಮ ಕಡೆಗೇ ತಿರುಗಿಸೋಣ. ಹಾವೇರಿಯಲ್ಲೋ ಗದಗದಲ್ಲೋ ಅಪ್ಪನ ಹೆಸರಲ್ಲಿ ನಾಲ್ಕೆಕರೆ, ನಾವು ಪುಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ‘ನೆಲೆ ನಿಂತ ರೈತ’ ಅಂತ ನಾವು ಬೆರಳು ತೋರಿಸ್ತಿರೋ ಆ ಮಾಲೀಕರು ಎಷ್ಟೋ ಮನೆಗಳಲ್ಲಿ ನಾವೇ. ಪ್ರತಿ ವರ್ಷ ಆಳು ಬದಲಾಯಿಸಿ ಅಂತ ಊರಿಗೆ ಫೋನ್ ಮಾಡಿ ಹೇಳೋರೂ ನಾವೇ.

ಹೊಲ ದಾನ ಮಾಡಿ ಅಂತ ಯಾರೂ ಕೇಳ್ತಿಲ್ಲ. ಊರಲ್ಲಿ ದುಡಿಯೋ ಮನಸ್ಸಿರೋ ಹುಡುಗನ ಜೊತೆ ಖರ್ಚು, ಲಾಭ ಎರಡನ್ನೂ ಹಂಚಿಕೊಂಡು ಬೇಸಾಯ ಮಾಡಬಹುದಾ ಅಂತ ಒಬ್ಬ ವಕೀಲರನ್ನ ಕೇಳಿ. ಗುತ್ತಿಗೆ ಕಾನೂನು ಸರಿಹೋಗಲಿ ಅಂತ ನಿಮ್ಮ ಶಾಸಕರಿಗೆ ಪತ್ರ ಬರೀರಿ. ಲೋಣಾವಳಾದಲ್ಲಿ ಪ್ಲಾಟ್ ನೋಡೋಕೆ ಮುಂಚೆ ಈ ಎರಡು ಕೆಲಸ ಆಗಲಿ.