ಕೊರತೆಯ ಲೆಕ್ಕದಲ್ಲಿ ಬಿಟ್ಟುಹೋದವರು

ಐರೋಪ್ಯ ಒಕ್ಕೂಟಕ್ಕೆ 2030ರೊಳಗೆ 2 ಕೋಟಿ ಮಾಹಿತಿ ತಂತ್ರಜ್ಞಾನ ಪರಿಣತರು ಬೇಕು. 2023ರಲ್ಲಿ ಇದ್ದವರು ಸುಮಾರು 98 ಲಕ್ಷ. ಕಲಿತವರು ಸಾಲದು, ಹಾಗಾಗಿ ತರಬೇತಿ ಹೆಚ್ಚಿಸಬೇಕು ಎಂಬಲ್ಲಿಗೆ ಚರ್ಚೆ ಸಾಮಾನ್ಯವಾಗಿ ಮುಗಿಯುತ್ತದೆ. ಕಲಿತವರನ್ನೇ ಹೊರಗಟ್ಟಿ ಕೊರತೆ ತಂದುಕೊಂಡ ಬ್ರಿಟನ್ನಿನ ಚರಿತ್ರೆ ಈ ತರ್ಕಕ್ಕೆ ಅಡ್ಡ ಬರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗೂಢಲಿಪಿ ಬಿಡಿಸಲು ನೆರವಾದ ಕೊಲೋಸಸ್ ಗಣಕಯಂತ್ರಗಳನ್ನು ನಡೆಸುತ್ತಿದ್ದವರು ಬಹುಪಾಲು ನೌಕಾಪಡೆಯ ಮಹಿಳಾ ದಳದ ತರುಣಿಯರು. ಯುದ್ಧ ಮುಗಿದ ಮೇಲೂ ಸರ್ಕಾರಿ ಕಚೇರಿಗಳಲ್ಲಿ ಗಣಕದ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಇತ್ತು. ಸಂಬಳ ಕಡಿಮೆ, ಬಡ್ತಿ ಅಪರೂಪ. ಆಡಳಿತದ ಹಿಡಿತವೇ ಈ ಯಂತ್ರಗಳ ಮೂಲಕ ಸಿಗಬಹುದೆಂದು ಹೊಳೆದದ್ದೇ ತಡ, ಆ ಹುದ್ದೆಗಳಿಗೆ ಗಂಡಸರ ಹುಡುಕಾಟ ಶುರುವಾಯಿತು. ತಂತ್ರಜ್ಞಾನದ ಇತಿಹಾಸವನ್ನು ಅಭ್ಯಸಿಸುವ ಮಾರ್ ಹಿಕ್ಸ್ ತಮ್ಮ ‘ಪ್ರೋಗ್ರಾಮ್ಡ್ ಇನ್‌ಈಕ್ವಾಲಿಟಿ’ (2017) ಕೃತಿಯಲ್ಲಿ ಇದನ್ನು ದಾಖಲೆಗಳ ಸಮೇತ ವಿವರಿಸಿದ್ದಾರೆ. 1959ರಲ್ಲಿ ಸರ್ಕಾರದ ಮುಖ್ಯ ಗಣಕ ಕೇಂದ್ರದಲ್ಲಿದ್ದ ಒಬ್ಬಾಕೆ ತನ್ನ ಕೆಲಸವನ್ನೂ ಮಾಡಿಕೊಂಡು, ಏನೂ ಅರಿಯದ ಇಬ್ಬರು ಹೊಸಬರಿಗೆ ವರ್ಷವಿಡೀ ಪ್ರೋಗ್ರಾಮಿಂಗ್ ಕಲಿಸಿದಳು. ವರ್ಷದ ಕೊನೆಗೆ ಶಿಷ್ಯರು ಮೇಲಧಿಕಾರಿಗಳಾದರು. ಗುರು ಅವರ ಕೈಕೆಳಗಿನ ಸಹಾಯಕಿಯಾದಳು. ಇಂಥ ಕಚೇರಿಗಳೇ ಮುಂದೆ ಕುಶಲರು ಸಿಗುತ್ತಿಲ್ಲವೆಂದು ಗೋಳಾಡಿದವು!

ಹೊರಬಿದ್ದವರ ಕೌಶಲವೇನೂ ಆವಿಯಾಗಿರಲಿಲ್ಲ. 1962ರಲ್ಲಿ ಸ್ಟೆಫನಿ ಶರ್ಲಿ ಆರು ಪೌಂಡ್ ಬಂಡವಾಳದಲ್ಲಿ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಕಂಪನಿ ತೆರೆದು, ಮದುವೆ, ಹೆರಿಗೆಯ ಕಾರಣಕ್ಕೆ ಕೆಲಸ ಬಿಟ್ಟಿದ್ದವರನ್ನು ಹುಡುಕಿ ಮನೆಯಿಂದಲೇ ದುಡಿಸಿದರು. ಮೊದಲ 300 ಮಂದಿಯಲ್ಲಿ ಗಂಡಸರು ಮೂವರೇ. ಹೆಣ್ಣಿನ ಹೆಸರು ಕಂಡರೆ ಪತ್ರಗಳಿಗೆ ಉತ್ತರವೇ ಬಾರದೆ, ಅವರು ‘ಸ್ಟೀವ್’ ಎಂದು ಸಹಿ ಹಾಕತೊಡಗಿದ್ದರು. ಕಾಂಕಾರ್ಡ್ ವಿಮಾನದ ಕಪ್ಪು ಪೆಟ್ಟಿಗೆಗೆ ಸಂಬಂಧಿಸಿದ ಪ್ರೋಗ್ರಾಮಿಂಗ್ ನಡೆದದ್ದು ಈ ಮನೆಗಳಲ್ಲೇ. 1975ರಲ್ಲಿ ಲಿಂಗ ತಾರತಮ್ಯ ವಿರೋಧಿ ಕಾಯ್ದೆ ಬಂದಾಗ, ತಮಾಷೆಯೆಂದರೆ, ಗಂಡಸರಿಗೂ ಬಾಗಿಲು ತೆರೆಯಬೇಕಾದದ್ದು ಶರ್ಲಿಯವರ ಕಂಪನಿಯೇ.

ಇದನ್ನು ಹಳೆಯ ಕಾಲದ ಮಾತೆಂದು ಬದಿಗಿಡುವಂತಿಲ್ಲ. ಒಕ್ಕೂಟದ ಆ 98 ಲಕ್ಷ ಪರಿಣತರಲ್ಲಿ ಮಹಿಳೆಯರು ಶೇ 19.4 ಮಾತ್ರ. ಗಂಡಸರಷ್ಟೇ ಹೆಂಗಸರೂ ಈ ವೃತ್ತಿಯಲ್ಲಿದ್ದಿದ್ದರೆ ಒಟ್ಟು ಸಂಖ್ಯೆ ಒಂದೂವರೆ ಕೋಟಿ ದಾಟುತ್ತಿತ್ತು. 2030ರ ಗುರಿಯ ಜೊತೆಯಲ್ಲೇ ಮಹಿಳೆಯರ ಪ್ರವೇಶಕ್ಕೆ ಉತ್ತೇಜನ ಕೊಡಬೇಕೆಂಬ ಮಾತೂ ಇದೆ; 2 ಕೋಟಿಯಲ್ಲಿ ಅವರು ಎಷ್ಟಿರಬೇಕೆಂಬ ಅಂಕಿ ಮಾತ್ರ ಅಲ್ಲಿಲ್ಲ.