ಹಾಜಿಗಳ ಹಣದಿಂದ ಬದುಕಿದ ರಾಜ್ಯ

ಸೌದಿ ಅರೇಬಿಯಾ ಎಂದೊಡನೆ ನಮಗೆ ನೆನಪಾಗುವುದು ತೈಲ. ಆದರೆ ಆ ರಾಜ್ಯವು ತನ್ನ ಆರಂಭದ ದಿನಗಳಲ್ಲಿ ಬದುಕಿದ್ದು ತೈಲದಿಂದಲ್ಲ, ಹೊರದೇಶಗಳಿಂದ ಬರುತ್ತಿದ್ದ ಹಜ್ಜ್ ಯಾತ್ರಿಕರ ಹಣದಿಂದ. ವಿದೇಶಿ ಅತಿಥಿಗಳ ಖರ್ಚು ಒಂದು ದೇಶದ ಬೊಕ್ಕಸವನ್ನು ಹೇಗೆ ತುಂಬುತ್ತದೆ, ಹೇಗೆ ಬರಿದಾಗಿಸುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಇದೊಂದು ದೊಡ್ಡ ಪಾಠ.

ಮಕ್ಕಾ ಬೇಸಾಯವಿಲ್ಲದ ಕಣಿವೆ. ಹಜ್ಜ್ ಕಾಲದಲ್ಲಿ ವ್ಯಾಪಾರ ಮಾಡುವುದು ಪಾಪವಲ್ಲವೆಂದು ಪವಿತ್ರ ಕುರ್‌ಆನ್ (2:198) ತಿಳಿಸಿದೆ. ಜಿದ್ದಾದಲ್ಲಿ ಹಡಗಿನಿಂದ ಇಳಿದ ಯಾತ್ರಿಕನ ಹಣ ಅನೇಕರ ಕೈ ಸೇರುತ್ತಿತ್ತು. ಸರಕಾರಕ್ಕೆ ತೆರಿಗೆ, ಒಂಟೆಯವನಿಗೆ ಬಾಡಿಗೆ, ಹಜ್ಜ್‌ನ ವಿಧಿಗಳನ್ನು ತೋರಿಸಿಕೊಡುವ ಮುತವ್ವಿಫ್‌ಗೆ ಸಂಭಾವನೆ, ಮನೆಯೊಡೆಯನಿಗೆ ಬಾಡಿಗೆ, ಝಮ್‌ಝಮ್ ನೀರು ಕೊಡುವವನಿಗೆ ಕಾಣಿಕೆ, ಕುರ್ಬಾನಿಯ ಆಡಿಗೆ ಬೆಲೆ. ಮಕ್ಕಾದ ಎಷ್ಟೋ ಕುಟುಂಬಗಳು ಆ ಕೆಲವು ವಾರಗಳ ಸಂಪಾದನೆಯಲ್ಲಿ ವರ್ಷವಿಡೀ ಉಣ್ಣಬೇಕಾಗಿತ್ತು.

1925ರ ಕೊನೆಗೆ ಹಿಜಾಝ್ ಪ್ರಾಂತ್ಯವು ಇಬ್ನ್ ಸವೂದ್‌ರ ವಶವಾಯಿತು. ಅದರೊಂದಿಗೆ ಈ ಆದಾಯವೂ ಅವರ ಕೈಗೆ ಬಂತು. 1920ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಯಾತ್ರಿಕರು ಹೊರಗಿನಿಂದ ಬರುತ್ತಿದ್ದರು. ಅವರಲ್ಲಿ ದೊಡ್ಡ ಪಾಲು ಡಚ್ಚರ ಆಳ್ವಿಕೆಯಲ್ಲಿದ್ದ ಇಂಡೋನೇಷ್ಯಾದವರದು. ಅವರ ಅನುಕೂಲಕ್ಕಾಗಿಯೇ 1926ರಲ್ಲಿ ಡಚ್ ವ್ಯಾಪಾರಿ ಸಂಸ್ಥೆಯೊಂದು ಜಿದ್ದಾದಲ್ಲಿ ಬ್ಯಾಂಕ್ ತೆರೆಯಿತು.

ಅಷ್ಟರಲ್ಲಿ 1929ರ ಜಾಗತಿಕ ಆರ್ಥಿಕ ಕುಸಿತ ಬಂತು. ರಬ್ಬರಿನ ಬೆಲೆ ನೆಲ ಕಚ್ಚಿತು. ಸುಮಾತ್ರಾದ ರೈತನ ಬಳಿ ಹಡಗಿನ ಟಿಕೆಟ್ಟಿಗೂ ಹಣ ಉಳಿಯಲಿಲ್ಲ. 1926-27ರಲ್ಲಿ 50 ಸಾವಿರ ದಾಟಿದ್ದ ಇಂಡೋನೇಷ್ಯಾದ ಯಾತ್ರಿಕರ ಸಂಖ್ಯೆ 1932-33ರ ಹೊತ್ತಿಗೆ 2,500ಕ್ಕಿಂತಲೂ ಕೆಳಗಿಳಿಯಿತು. 1933ರಲ್ಲಿ ಹೊರಗಿನಿಂದ ಬಂದವರು ಒಟ್ಟು ಸುಮಾರು 20 ಸಾವಿರ ಮಾತ್ರ. ಎಲ್ಲೋ ದೂರದಲ್ಲಿ ಬೆಳೆಗೆ ಬೆಲೆ ಬಿದ್ದರೆ ಮಕ್ಕಾದ ಒಲೆ ಆರುತ್ತಿತ್ತು. 1932ರಲ್ಲಿ 'ಸೌದಿ ಅರೇಬಿಯಾ' ಎಂಬ ಹೆಸರು ಪಡೆದ ರಾಜ್ಯವು ಸಾಲದಲ್ಲೇ ಕಣ್ಣು ತೆರೆಯಿತು.

1933ರ ಮೇ ತಿಂಗಳಲ್ಲಿ ಅಮೆರಿಕದ ಕಂಪೆನಿಯೊಂದಕ್ಕೆ ತೈಲ ಶೋಧನೆಯ ಹಕ್ಕನ್ನು ನೀಡಿದ್ದು ಈ ಇಕ್ಕಟ್ಟಿನಲ್ಲಿಯೇ. ಮೊದಲ ಕಂತಾಗಿ ಬಂದ 35 ಸಾವಿರ ಚಿನ್ನದ ನಾಣ್ಯಗಳನ್ನು ಎಣಿಸಿದ್ದು ಹಾಜಿಗಳಿಗಾಗಿ ತೆರೆದಿದ್ದ ಅದೇ ಡಚ್ ಬ್ಯಾಂಕಿನಲ್ಲಿ! 1938ರಲ್ಲಿ ದಮಾಮ್‌ನಲ್ಲಿ ತೈಲ ಚಿಮ್ಮಿತು. 1952ರಲ್ಲಿ ಹಾಜಿಗಳ ಮೇಲಿನ ತೆರಿಗೆ ರದ್ದಾಯಿತು.

ಆದರೂ ಹಾಜಿಯ ಗುರುತು ಅಳಿಯಲಿಲ್ಲ. ಬೆಳ್ಳಿಯ ರಿಯಾಲ್‌ಗಳ ಭಾರ ತಪ್ಪಿಸಲು 1953ರಲ್ಲಿ ಅಲ್ಲಿನ ಸರಕಾರ 'ಹಾಜಿಗಳ ರಶೀದಿ' ಹೊರತಂದಿತು. ಅದರ ಮೇಲೆ ಅರಬಿಯ ಜೊತೆಗೆ ಉರ್ದು ಮೊದಲಾದ ಭಾಷೆಗಳಿದ್ದವು. ಜನ ಅದನ್ನು ಹಣದಂತೆಯೇ ಚಲಾಯಿಸಿದರು. ಆ ದೇಶದ ಕಾಗದದ ಹಣ ಶುರುವಾದದ್ದು ಹೀಗೆ. ನಮ್ಮ ರಿಸರ್ವ್ ಬ್ಯಾಂಕ್ ಕೂಡ 1959ರಲ್ಲಿ ಭಾರತದ ಯಾತ್ರಿಕರಿಗಾಗಿ 10 ಮತ್ತು 100 ರೂಪಾಯಿಗಳ ಪ್ರತ್ಯೇಕ ಹಜ್ಜ್ ನೋಟುಗಳನ್ನು ಮುದ್ರಿಸಿತ್ತು. ಮುಂಬಯಿಯಲ್ಲಿ ಹಡಗು ಹತ್ತುತ್ತಿದ್ದ ನಮ್ಮ ಹಿರಿಯರ ಕಾಲದ ಮಾತಿದು.

ಚಕ್ರ ಈಗ ಮತ್ತೆ ತಿರುಗಿದೆ. ತೈಲವನ್ನಷ್ಟೇ ನೆಚ್ಚಿಕೊಳ್ಳಬಾರದೆಂದು 2016ರಲ್ಲಿ ರೂಪಿಸಿದ ಯೋಜನೆಯಲ್ಲಿ ಯಾತ್ರಿಕರಿಗೂ ಪ್ರವಾಸಿಗರಿಗೂ ದೊಡ್ಡ ಸ್ಥಾನವಿದೆ. 2019ರಲ್ಲಿ ಪ್ರವಾಸಿ ವೀಸಾ ಆರಂಭವಾಯಿತು. ಆ ವರ್ಷ ಸುಮಾರು 25 ಲಕ್ಷ ಮಂದಿ ಹಜ್ಜ್ ನಿರ್ವಹಿಸಿದರು. ಮರುವರ್ಷವೇ ಕೊರೋನಾ ಬಂದು, ಹೊರದೇಶದ ಒಬ್ಬ ಯಾತ್ರಿಕನಿಗೂ ಪ್ರವೇಶವಿರಲಿಲ್ಲ. 1930ರ ದಶಕದ ಪಾಠ ಹೊಸ ರೂಪದಲ್ಲಿ ಮರಳಿತ್ತು.

ಅತಿಥಿಯ ಹಣವನ್ನು ನಂಬಿದ ದೇಶ ಅತಿಥಿಯ ಕಷ್ಟದಲ್ಲೂ ಪಾಲುದಾರನಾಗುತ್ತದೆ. ಹಾಜಿಗಳನ್ನು ಅಲ್ಲಾಹನ ಅತಿಥಿಗಳೆಂದು ಕರೆಯುತ್ತೇವೆ. ಗದ್ದೆ ಮಾರಿ, ಕಾಸಿಗೆ ಕಾಸು ಕೂಡಿಟ್ಟು ಬಂದ ಬಡ ರೈತರೂ ಅವರಲ್ಲಿದ್ದರು. ತೈಲ ಸಿಗುವ ಮೊದಲು ಒಂದು ರಾಜ್ಯವನ್ನು ಪೊರೆದದ್ದು ಅಂತಹವರ ಬೆವರು. ಇಂದು ಯಾತ್ರೆಯ ದರ ನಿಗದಿಪಡಿಸುವವರೂ, ಹರಮ್‌ನ ಸುತ್ತ ಬಹುಮಹಡಿ ಹೋಟೆಲು ಕಟ್ಟುವವರೂ ಆ ಋಣವನ್ನು ಮರೆಯಬಾರದು.