ಬಲೆಯ ಅಳತೆ, ತಂಡೇಲನ ಹೊಣೆ: ಅಲಾಸ್ಕದ ಸಾಲ್ಮನ್ ಪರ್ಸೀನ್ ಕಟ್ಟಳೆಗಳ ಚರಿತ್ರೆ

ಅಲಾಸ್ಕದ ಸಾಲ್ಮನ್ ಪರ್ಸೀನ್ (ಮೀನನ್ನು ಸುತ್ತುವರಿದು ತಳ ಕಟ್ಟುವ ಬಲೆ) ಮೀನುಗಾರಿಕೆಯ ನಿಯಮಾವಳಿಯನ್ನು ತೆರೆದವರಿಗೆ ಮೊದಲು ಸಿಗುವುದು ಅಳತೆಗಳು. ದೋಣಿ 58 ಅಡಿಗಿಂತ ಉದ್ದವಿರಬಾರದು. ಆಗ್ನೇಯ ಅಲಾಸ್ಕದಲ್ಲಿ ಬಲೆ 150 ಫ್ಯಾದಮ್‌ಗಿಂತ ಗಿಡ್ಡವಿರಬಾರದು, 250 ಫ್ಯಾದಮ್ ಮೀರಬಾರದು. ಹೊಳೆ ಕಡಲು ಸೇರುವ ಅಳಿವೆಯಿಂದ 500 ಗಜದೊಳಗೆ ಬಲೆ ಬಿಡುವಂತಿಲ್ಲ. (250 ಫ್ಯಾದಮ್ ಎಂದರೂ 500 ಗಜವೆಂದರೂ 1,500 ಅಡಿಯೇ; ಇದು ಬಹುಶಃ ಕಾಕತಾಳೀಯ.) ಇವೆಲ್ಲ ಮೀನಿನ ಸಂತತಿ ಉಳಿಸಲು ಮಾಡಿದವು ಎಂಬುದು ರೂಢಿಯ ವಿವರಣೆ. ಅಳಿವೆಯ ನಿಷೇಧಕ್ಕೆ ಅದು ಒಪ್ಪುತ್ತದೆ, ಉಳಿದವಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಈ ಕಟ್ಟಳೆಗಳು ಹುಟ್ಟಿದ ಸಂದರ್ಭಗಳನ್ನು ಒಂದೊಂದಾಗಿ ನೋಡಿದರೆ, ಅವುಗಳ ಹಿಂದಿದ್ದ ಮುಖ್ಯ ಪ್ರಶ್ನೆ ಎಷ್ಟು ಮೀನು ಹಿಡಿಯಬೇಕೆಂಬುದಲ್ಲ. ಯಾರು ಹಿಡಿಯಬೇಕು, ಹಿಡಿದದ್ದಕ್ಕೆ ಉತ್ತರ ಹೇಳಬೇಕಾದವರು ಯಾರು ಎಂಬುದು. ಮೀನಿನ ಲೆಕ್ಕಕ್ಕೆ ಅಲಾಸ್ಕ ಕಂಡುಕೊಂಡ ದಾರಿ ಬೇರೆಯೇ ಇತ್ತು.

ಸಾಲ್ಮನ್ ಹುಟ್ಟುವುದು ಹೊಳೆಯಲ್ಲಿ, ಬೆಳೆಯುವುದು ಕಡಲಲ್ಲಿ, ಮೊಟ್ಟೆಯಿಡಲು ಮರಳುವುದು ಹುಟ್ಟಿದ ಹೊಳೆಗೇ. ಪೆಸಿಫಿಕ್ ಸಾಗರದ ಜಾತಿಗಳು ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ಹೀಗೆ ಗೊತ್ತಾದ ವಿಳಾಸಕ್ಕೆ ಗೊತ್ತಾದ ವಾರಗಳಲ್ಲಿ ಬರುವ ಮೀನನ್ನು ಅಳಿವೆಯಲ್ಲಿ ಕಾದು ಬಾಚಿಕೊಳ್ಳುವುದು ಸುಲಭ. ಅಲಾಸ್ಕದಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಶುರುವಾದದ್ದು 1878ರಲ್ಲಿ. 1880ರ ದಶಕದಲ್ಲಿ ಕೊಡಿಯಾಕ್ ದ್ವೀಪದ ಕಾರ್ಲುಕ್ ಹೊಳೆಯ ಬಾಯಲ್ಲಿ ದಡದಿಂದ ಎಳೆಯುವ ಬಲೆಗಳು ಲಕ್ಷಗಟ್ಟಲೆ ಸಾಕೈ ಸಾಲ್ಮನ್ ಎತ್ತಿದವು. ನಮ್ಮ ಕರಾವಳಿಯವರು ರಂಪಣಿ ಎಂದು ಬಲ್ಲ ಬಲೆಯ ಜಾತಿಯವೇ ಅವು. ಹೊಳೆಗೆ ಅಡ್ಡಗಟ್ಟುವುದನ್ನು ಅಮೆರಿಕದ ಕಾಂಗ್ರೆಸ್ 1889ರಲ್ಲಿ ನಿಷೇಧಿಸಿತು. ಆದರೆ ಸಾವಿರಾರು ಮೈಲಿಯ ಕರಾವಳಿಯನ್ನು ಕಾಯಲು ಇದ್ದ ಸಿಬ್ಬಂದಿ ಬೆರಳೆಣಿಕೆಯಷ್ಟು. 1924ರ ವೈಟ್ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಾರಾಂತ್ಯದಲ್ಲಿ 36 ಗಂಟೆ ಮೀನುಗಾರಿಕೆಗೆ ಬಿಡುವು ಕೊಡಬೇಕು, ಬಂದ ಮೀನಿನಲ್ಲಿ ಅರ್ಧದಷ್ಟಾದರೂ ಹೊಳೆ ಏರಲು ಬಿಡಬೇಕು ಎಂದಿತು. ಬಂದದ್ದೆಷ್ಟೆಂದು ಎಣಿಸದೆ ಅರ್ಧವೆಷ್ಟೆಂದು ಹೇಳುವುದು ಹೇಗೆ? ಕಾರ್ಲುಕ್‌ನಲ್ಲಿ 1921ರಿಂದ ಎಣಿಕೆಗಾಗಿ ತಡಿಕೆ ಕಟ್ಟಿದ್ದರು. ಅಂಥ ಹೊಳೆಗಳು ಕೆಲವೇ. ಕಾಯಿದೆಯ ಅರ್ಧ ಹೆಚ್ಚಿನ ಕಡೆ ಕಾಗದದಲ್ಲೇ ಉಳಿಯಿತು. 1936ರಲ್ಲಿ 12 ಕೋಟಿ ಮೀರಿದ್ದ, ವರ್ಷಕ್ಕೆ ಹಿಡಿದ ಮೀನಿನ ಸಂಖ್ಯೆ 1959ಕ್ಕೆ ಸುಮಾರು ಎರಡೂವರೆ ಕೋಟಿಗೆ ಕುಸಿಯಿತು.

ಈ ಕುಸಿತಕ್ಕೆ ಅಲಾಸ್ಕದ ಜನ ಹೆಸರಿಸಿದ ಅಪರಾಧಿ ಒಂದೇ: ಮೀನು ಬೋನು. ಮಲೆನಾಡಿನ ತೋಡುಗಳಲ್ಲಿ ಇಡುವ ಕೂಳಿಯ ತತ್ತ್ವವನ್ನೇ ಕಡಲ ಅಳತೆಗೆ ಹಿಗ್ಗಿಸಿದಂತಿದ್ದ ಈ ಬೋನುಗಳಲ್ಲಿ, ಮರದ ಕಂಬಗಳಿಗೋ ತೇಲುವ ದಿಮ್ಮಿಗಳಿಗೋ ಕಟ್ಟಿದ ಬಲೆಯ ಗೋಡೆ ಮೀನನ್ನು ಒಳಕೋಣೆಗೆ ಹೊರಳಿಸುತ್ತಿತ್ತು. ಹೆಚ್ಚಿನವು ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೊಗಳ ಕಂಪನಿಗಳ ಸೊತ್ತು. ನನ್ನ ವಾದಕ್ಕೆ ಬಹಳ ಮುಖ್ಯವಾದ ಸಾಕ್ಷ್ಯ ಇರುವುದು ಇಲ್ಲೇ. ಸಂರಕ್ಷಣೆಯೊಂದೇ ಗುರಿಯಾಗಿದ್ದರೆ ಬೋನನ್ನು ಉಳಿಸಿಕೊಳ್ಳಲು ಒಳ್ಳೆಯ ಕಾರಣಗಳಿದ್ದವು: ಅದು ನಿಂತಲ್ಲೇ ನಿಲ್ಲುತ್ತದೆ, ಮೀನು ಒಳಗೆ ಜೀವಂತವಾಗಿರುತ್ತದೆ, ಬಾಗಿಲು ಮುಚ್ಚಿದರೆ ಹಿಡಿಯುವುದು ನಿಲ್ಲುತ್ತದೆ, ಕಡಿಮೆ ಖರ್ಚಿನಲ್ಲಿ ಕಾವಲು ಸಾಧ್ಯ. ಓಡಾಡುವ ನೂರಾರು ಪರ್ಸೀನ್ ದೋಣಿಗಳನ್ನು ಹಿಡಿತದಲ್ಲಿಡುವುದು ಇದಕ್ಕಿಂತ ಎಷ್ಟೋ ಕಷ್ಟ. ಆದರೂ 1956ರಲ್ಲಿ ರಾಜ್ಯ ಸಂವಿಧಾನದ ಜೊತೆಗೇ ಮತಕ್ಕೆ ಹಾಕಿದ ಮೂರನೆಯ ಅಧ್ಯಾದೇಶ ವಾಣಿಜ್ಯ ಬೋನುಗಳನ್ನು ರದ್ದುಗೊಳಿಸಿತು, ಜನ ಭಾರೀ ಬಹುಮತದಿಂದ ಒಪ್ಪಿದರು. 1959ರಲ್ಲಿ ರಾಜ್ಯ ಸ್ಥಾನಮಾನ ಬಂದಾಗ, ಮೆಟ್ಲಕಟ್ಲದ ಮೂಲನಿವಾಸಿ ಮೀಸಲು ಪ್ರದೇಶವೊಂದನ್ನು ಬಿಟ್ಟು, ಬೋನಿನ ಕಾಲ ಮುಗಿಯಿತು. ಜನ ತಿರಸ್ಕರಿಸಿದ್ದು ಸಾಧನವನ್ನಷ್ಟೇ ಅಲ್ಲ, ದೂರದ ಒಡೆತನವನ್ನು. ನಮ್ಮ ಕರಾವಳಿಯಲ್ಲಿ ಇದೇ ಜಗಳ ತಿರುಗುಮುರುಗಾಗಿ ನಡೆಯಿತು: 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಂದಾಗ ರಂಪಣಿಯವರ ಕಣ್ಣಿಗೆ ಅದೇ ಉಳ್ಳವರ ಬಲೆಯಾಗಿ ಕಂಡಿತು. ಅಲಾಸ್ಕದಲ್ಲಿ ಬೋನಿನ ಎದುರು ನಿಂತ ಸಣ್ಣ ದೋಣಿಯವನ ಕೈಯಲ್ಲಿದ್ದದ್ದು ಅದೇ ಪರ್ಸೀನ್.

ಬೋನು ಹೋದ ಮೇಲೆ ದೋಣಿಯೇ ಬೋನಿನಷ್ಟು ಬೆಳೆಯದಂತೆ ನೋಡಿಕೊಳ್ಳಬೇಕಾಯಿತು. ಕ್ರೊಯೇಷಿಯಾ ಮೂಲದ ಮಾರಿಯೊ ಪುರೆಟಿಚ್ ರೂಪಿಸಿದ, ಯಂತ್ರದಿಂದ ಬಲೆ ಎಳೆಯುವ ರಾಟೆ 1950ರ ದಶಕದ ಮಧ್ಯದಲ್ಲಿ ಸಿಯಾಟಲ್‌ನಲ್ಲಿ ತಯಾರಾಗತೊಡಗಿತ್ತು. ಹಲವರು ಬೆನ್ನು ಬಾಗಿಸಿ ಎಳೆಯುತ್ತಿದ್ದ ಬಲೆ ಈಗ ಬೇಗನೆ ಮೇಲೇರುತ್ತಿತ್ತು. 58 ಅಡಿಯ ಮಿತಿ ಇಂಥ ಶಕ್ತಿಗೆ ಕಡಿವಾಣವಾಗಿ ನಿಂತಿತು. ದೋಣಿ ಕಟ್ಟುವವರು ಉದ್ದವನ್ನು ಬಿಟ್ಟು ಅಗಲವನ್ನೂ ಆಳವನ್ನೂ ಹೆಚ್ಚಿಸಿದರು ಎಂಬುದು ಬೇರೆ ಮಾತು. ಅಳತೆಗಿಂತ ಹೊಣೆಯ ಕಟ್ಟಳೆಗಳು ಹೆಚ್ಚು ಸೂಕ್ಷ್ಮವಾಗಿವೆ. ಸಣ್ಣ ದೋಣಿಯೊಂದು ಬಲೆಯ ತುದಿ ಹಿಡಿದು ನಿಲ್ಲುತ್ತದೆ, ದೊಡ್ಡ ದೋಣಿ ಬಲೆ ಬಿಡುತ್ತ ಸುತ್ತು ಹಾಕಿ ಬರುತ್ತದೆ, ಕೆಳಅಂಚಿನ ಉಂಗುರಗಳಲ್ಲಿ ಹಾಯುವ ಹಗ್ಗವನ್ನು ಜಗ್ಗಿ ಬಲೆಯ ತಳ ಕಟ್ಟುತ್ತಾರೆ. ಗಡುವು ಮುಗಿಯುವ ಹೊತ್ತಿಗೆ ಈ ಕೆಲಸದ ನಡುವೆ ಇದ್ದರೆ? ಉಂಗುರಗಳೆಲ್ಲ ನೀರಿನಿಂದ ಮೇಲೆ ಬಂದಾಗಲೇ ಮೀನುಗಾರಿಕೆ ನಿಂತಂತೆ ಎನ್ನುತ್ತದೆ ನಿಯಮ. ಹರಿವನ್ನೂ ಗಡಿಯಾರವನ್ನೂ ಮೊದಲೇ ಲೆಕ್ಕ ಹಾಕಬೇಕಾದವನು ದೋಣಿಯ ಮುಖ್ಯಸ್ಥನಾದ ತಂಡೇಲ. ಮುಚ್ಚಿದ ನೀರಿಗೆ ಗೊತ್ತಿಲ್ಲದೆ ಹೋದೆ ಎಂದರೂ ಬಿಡುಗಡೆಯಿಲ್ಲ: ದುರುದ್ದೇಶ ಸಾಬೀತಾಗದಿದ್ದರೂ ಮೊದಲ ಸಲ 3,000 ಡಾಲರ್‌ವರೆಗೆ ದಂಡ ವಿಧಿಸಬಹುದು, ಅಕ್ರಮವಾಗಿ ಹಿಡಿದ ಮೀನಿನ ಬೆಲೆಯನ್ನೂ ಕಿತ್ತುಕೊಳ್ಳಬಹುದು. ಮೀನು ಮಾರುವಾಗ ತುಂಬುವ ಚೀಟಿಯಲ್ಲಿ ಯಾವ ಪರವಾನಗಿ, ಯಾವ ನೀರು, ಯಾವ ಜಾತಿ, ಎಷ್ಟು ತೂಕ ಎಂಬುದೆಲ್ಲ ದಾಖಲಾಗುತ್ತದೆ. ಮೀನಿನ ನಿಜವಾದ ಲೆಕ್ಕ ಸೇರಿಕೊಳ್ಳುವುದು ಇಲ್ಲಿಂದಲೇ: ಈ ಚೀಟಿಗಳನ್ನೂ ಹೊಳೆಯ ಎಣಿಕೆಯನ್ನೂ ಎದುರಿಗಿಟ್ಟುಕೊಂಡು ಆಯಾ ಪ್ರದೇಶದ ಜೀವಶಾಸ್ತ್ರಜ್ಞರು ತುರ್ತು ಆದೇಶದಿಂದ ಮೀನುಗಾರಿಕೆ ತೆರೆಯುತ್ತಾರೆ, ಮುಚ್ಚುತ್ತಾರೆ. ಕ್ಯಾಲೆಂಡರ್ ನೋಡಿ ಬರೆದ 1924ರ ಕಾಯಿದೆಗೆ ಸಾಧ್ಯವಾಗದ್ದು ಇದು.

ಇದೆಲ್ಲ ದುಂದು ಎಂದವರಿದ್ದರು. ಅರ್ಥಶಾಸ್ತ್ರಜ್ಞರಾದ ಜೇಮ್ಸ್ ಕ್ರಚ್‌ಫೀಲ್ಡ್ ಮತ್ತು ಜುಲಿಯೊ ಪಾಂಟೆಕೊರ್ವೊ 1969ರ ತಮ್ಮ ಗ್ರಂಥದಲ್ಲಿ ಪೆಸಿಫಿಕ್ ಸಾಲ್ಮನ್ ನಿರ್ವಹಣೆಯನ್ನು ಅವಿವೇಕದ ಸಂರಕ್ಷಣೆ ಎಂದೇ ಕರೆದರು: ಸಾಧನವನ್ನು ಬೇಕೆಂದೇ ದುರ್ಬಲಗೊಳಿಸಿ, ಹೆಚ್ಚು ದೋಣಿ, ಹೆಚ್ಚು ಕೈಗಳಿಂದ ಅದೇ ಮೀನನ್ನು ಹಿಡಿಸುವುದರಿಂದ ಲಾಭವೆಲ್ಲ ಕರಗುತ್ತದೆ. ಲೆಕ್ಕವಾಗಿ ಈ ಆಕ್ಷೇಪ ಸರಿ. ಅಲಾಸ್ಕ ಅದಕ್ಕೆ ಅರ್ಧ ಒಪ್ಪಿತು. 1972ರಲ್ಲಿ ಸಂವಿಧಾನ ತಿದ್ದಿ, 1973ರಲ್ಲಿ ಪರವಾನಗಿಗಳ ಸಂಖ್ಯೆ ಮಿತಗೊಳಿಸುವ ಕಾಯಿದೆ ತಂದಿತು. ಆದರೆ ಪರವಾನಗಿ ಹೊಂದಿದವನು ಸ್ವತಃ ದೋಣಿಯ ಮೇಲಿರಬೇಕು ಎಂಬ ಷರತ್ತು ಇಟ್ಟಿತು. ಆ ಷರತ್ತಿನ ಬೆಲೆ ಬಯಲಾದದ್ದು ಅಲಾಸ್ಕದ ಚಿಗ್ನಿಕ್ ಎಂಬ ಮೀನುಗಾರಿಕೆ ಪ್ರದೇಶದಲ್ಲಿ. ಅಲ್ಲಿನ ನೂರರಷ್ಟು ಪರ್ಸೀನ್ ಪರವಾನಗಿದಾರರಲ್ಲಿ 77 ಮಂದಿ 2002ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಕೆಲವೇ ದೋಣಿಗಳು ಕಡಲಿಗಿಳಿಯುವುದು, ಆದಾಯವನ್ನು ಎಲ್ಲ ಸದಸ್ಯರೂ ಹಂಚಿಕೊಳ್ಳುವುದು ಎಂಬ ಏರ್ಪಾಡು. ಖರ್ಚು ತಗ್ಗಿತು. ಅರ್ಥಶಾಸ್ತ್ರಜ್ಞರು ಕೇಳಿದ್ದೂ ಅದನ್ನೇ. ಆದರೆ ಹೊರಗುಳಿದವರು ಗ್ರುನರ್ಟ್ ಪ್ರಕರಣದಲ್ಲಿ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ಅಲಾಸ್ಕದ ಸರ್ವೋಚ್ಚ ನ್ಯಾಯಾಲಯ, ಬಲೆ ಮುಟ್ಟದವರಿಗೂ ಪಾಲು ಕೊಡುವುದು 1973ರ ಕಾಯಿದೆಗೆ ವಿರುದ್ಧ ಎಂದಿತು. ಆ ಪ್ರಕರಣದಲ್ಲಿ ಮೀನಿನ ಸಂತತಿಗೆ ಅಪಾಯವಿದೆ ಎಂಬುದು ಪ್ರಶ್ನೆಯೇ ಆಗಿರಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು. 1973ರಲ್ಲಿ ಸುಮಾರು 2.2 ಕೋಟಿಗೆ ಇಳಿದಿದ್ದ, ಹಿಡಿದ ಮೀನಿನ ಸಂಖ್ಯೆ 2013ರಲ್ಲಿ 27 ಕೋಟಿ ದಾಟಿತಾದರೂ, ಅದರ ಶ್ರೇಯ ಕಾನೂನಿಗಲ್ಲ, 1970ರ ದಶಕದ ಉತ್ತರಾರ್ಧದಲ್ಲಿ ಬೆಚ್ಚಗಾದ ಕಡಲಿಗೆ ಮತ್ತು ಮರಿ ಸಾಕುವ ಕೇಂದ್ರಗಳಿಗೆ ಸಲ್ಲಬೇಕು ಎನ್ನುತ್ತಾರೆ. ಇದರಲ್ಲಿ ಬಹಳಷ್ಟು ಒಪ್ಪತಕ್ಕದ್ದೇ. ಆದರೆ ಕಡಲು ಅನುಕೂಲವಾದಾಗ ಅದರ ಲಾಭ ಪಡೆಯಲು ಹೊಳೆಗಳಲ್ಲಿ ಮೊಟ್ಟೆಯಿಡುವ ಮೀನು ಉಳಿದಿರಬೇಕು. ಅದನ್ನು ಉಳಿಸಿದ್ದು ತೆರೆ–ಮುಚ್ಚು ಆದೇಶಗಳು. 58 ಅಡಿಯ ಮಿತಿಗೆ ಈ ಶ್ರೇಯದಲ್ಲಿ ಪಾಲು ಕೇಳಲು ನಾನು ಸಿದ್ಧನಿಲ್ಲ.

ಹೊಣೆಯನ್ನು ವ್ಯಕ್ತಿಗೆ ಕಟ್ಟಿದ ಈ ಕಾನೂನು ತನ್ನದೇ ಅಳತೆಗೋಲಿನಲ್ಲಿ ಸೋತದ್ದು ಹಳ್ಳಿಗಳಲ್ಲಿ. ಪರವಾನಗಿಯನ್ನು ಬಾಡಿಗೆಗೆ ಕೊಡುವಂತಿಲ್ಲ ಎಂದರೂ ಮಾರಬಹುದಿತ್ತು. ಕೈಯಲ್ಲಿ ನಗದಿಲ್ಲದ ವರ್ಷಗಳಲ್ಲಿ, ದೋಣಿ ಹಳತಾದಾಗ, ಮೂಲನಿವಾಸಿ ಹಳ್ಳಿಗಳ ಪರವಾನಗಿಗಳು ಒಂದೊಂದಾಗಿ ಪಟ್ಟಣಗಳಿಗೂ ಹೊರರಾಜ್ಯಗಳಿಗೂ ಹೋದವು. ಸಿಯಾಟಲ್‌ನ ಕಂಪನಿಯ ಬೋನನ್ನು ಓಡಿಸಿದ ರಾಜ್ಯದಲ್ಲಿ ಸಿಯಾಟಲ್‌ನ ನಿವಾಸಿಯೊಬ್ಬ ಪರವಾನಗಿ ಕೊಂಡು, ಬೇಸಿಗೆಗೆ ಬಂದು, ತಾನೇ ಚುಕ್ಕಾಣಿ ಹಿಡಿದು ಮೀನು ಹಿಡಿದರೆ ಅದು ಪೂರ್ತಿ ಕಾನೂನುಬದ್ಧ. ಅವನು ದಂಡಕ್ಕೂ ಬದ್ಧ, ಚೀಟಿಗೂ ಬದ್ಧ. ಹೊರರಾಜ್ಯದವನೆಂಬ ಕಾರಣಕ್ಕೆ ಅವನನ್ನು ತಡೆಯಲು ಅಮೆರಿಕದ ಸಂವಿಧಾನ ಬಿಡುವುದಿಲ್ಲ. ಹೊಳೆಯ ಪಕ್ಕದಲ್ಲೇ ತಲೆಮಾರುಗಳಿಂದ ಇರುವ ಊರು ಒಂದು ಊರಾಗಿ ಪರವಾನಗಿ ಪಡೆಯಲು ಮಾತ್ರ 1973ರ ಕಾಯಿದೆಯಲ್ಲಿ ಜಾಗವಿರಲಿಲ್ಲ.